ಆರು ವರ್ಷ ಗ್ಯಾರೇಜಿನಲ್ಲಿದ್ದ ಬಿಯರ್ ಕಿಟ್

(ಅಮೆರಿಕದ ಪೋರ್ಟ್‌ಲೆಂಡ್ ಹತ್ತಿರದ ಒಂದು ಲೈಬ್ರರಿಯಲ್ಲಿ ಕನ್ನಡದ ಗೆಳೆಯರ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದದ್ದು.)

ಮೊದಲು ಈ ಪೆಟ್ಟಿಗೆ ನೋಡಿ. ಮೇಲಿನ ಧೂಳನ್ನು ಬೇಕಂತಲೇ ಒರೆಸಿಲ್ಲ. ನಮ್ಮ ಗೆಳೆಯರೊಬ್ಬರಿಗೆ 2017ರಲ್ಲಿ ನಲವತ್ತು ತುಂಬಿತು. ಆಗ ಆಫೀಸಿನವರು ಸೇರಿ ಕೊಟ್ಟ ಉಡುಗೊರೆ ಇದು. ಮನೆಯಲ್ಲೇ ಬಿಯರ್ ಮಾಡುವ ಕಿಟ್. ಮುಂದಿನ ವಾರ ಮಾಡೋಣ ಅಂತ ಗ್ಯಾರೇಜಿನ ಶೆಲ್ಫಿನ ಮೇಲಿಟ್ಟರು. ಮಗು ಹುಟ್ಟಿತು, ಮನೆ ಬದಲಾಯಿಸಿದರು, ಪೆಟ್ಟಿಗೆಯೂ ಜೊತೆಗೆ ಬಂತು. 2023ರಲ್ಲಿ ಗ್ಯಾರೇಜ್ ಖಾಲಿ ಮಾಡುವಾಗ ನನಗೆ ಫೋನ್ ಬಂತು. "ಇದನ್ನ ಎಸೆಯೋದಾ, ಇಲ್ಲಾ ಮಾಡಬಹುದಾ? ಡೇಟ್ ಮುಗಿದು ನಾಲ್ಕು ವರ್ಷ ಆಯ್ತು."

ಬಿಯರ್ ಮಾಡಲು ಶುರುಮಾಡಿ ಹನ್ನೆರಡು ವರ್ಷ ಆಗಿರುವುದರಿಂದ ಈ ಥರ ಫೋನ್ ನನಗೆ ವರ್ಷಕ್ಕೆ ಮೂರ್ನಾಲ್ಕು ಬರುತ್ತವೆ. ಉಡುಗೊರೆ ಬಂದದ್ದು, ಮನೆ ಕೊಂಡಾಗ ಹಳೇ ಮಾಲೀಕರು ಬಿಟ್ಟು ಹೋದದ್ದು, ಗ್ಯಾರೇಜ್ ಸೇಲಿನಲ್ಲಿ ಹತ್ತು ಡಾಲರಿಗೆ ಸಿಕ್ಕಿದ್ದು. ಎಲ್ಲರ ಪ್ರಶ್ನೆಯೂ ಒಂದೇ. ನನ್ನ ಉತ್ತರ ಮಾತ್ರ ಒಂದೇ ಸಾಲಿನಲ್ಲಿ ಮುಗಿಯುವುದಿಲ್ಲ. ಯಾಕಂದ್ರೆ ಈ ಪೆಟ್ಟಿಗೆಯೊಳಗೆ ಇರುವುದು ಒಂದು ಪದಾರ್ಥ ಅಲ್ಲ. ಏಳೆಂಟು ಇವೆ. ಒಂದೊಂದಕ್ಕೂ ಅದರದೇ ಆಯಸ್ಸು. ಸಕ್ಕರೆಗೆ ಆರು ವರ್ಷ ಲೆಕ್ಕಕ್ಕೇ ಇಲ್ಲ. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಸೂಕ್ಷ್ಮಜೀವಿ ಯೀಸ್ಟಿಗೆ ಅದು ಮೂರು ಜನ್ಮ.

ಡೇಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕಾನೂನು ದಿನಾಂಕ ಹಾಕಲೇಬೇಕು ಅನ್ನುವುದು ಹಸುಗೂಸಿನ ಹಾಲಿನ ಪುಡಿಗೆ ಮಾತ್ರ. ಉಳಿದ ಬಹುತೇಕ ಪೊಟ್ಟಣಗಳ ಮೇಲೆ 'ಬೆಸ್ಟ್ ಬೈ' ಅಂತ ಇರುವುದು ತಯಾರಿಸಿದವರ ಅಂದಾಜು. ಈ ದಿನದವರೆಗೆ ರುಚಿ ಚೆನ್ನಾಗಿರುತ್ತದೆ ಅನ್ನುವ ಭರವಸೆ ಅಷ್ಟೇ. ಮಾರನೇ ದಿನ ವಿಷ ಆಗುತ್ತದೆ ಅಂತ ಅದರರ್ಥ ಅಲ್ಲ. ಹಾಗಂತ ಡೇಟಿಗೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಆ ಅಂದಾಜು ತಂಪಾದ, ಕತ್ತಲಿರುವ ಜಾಗದಲ್ಲಿ ಇಟ್ಟರೆ ಮಾತ್ರ ನಿಜ. ಈ ಪೆಟ್ಟಿಗೆ ಇದ್ದದ್ದು ಗ್ಯಾರೇಜಿನಲ್ಲಿ. 2021ರ ಜೂನ್ 28 ನಿಮಗೆ ನೆನಪಿದೆ ಅಲ್ವಾ? ಪೋರ್ಟ್‌ಲೆಂಡಿನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 46 ದಾಟಿತ್ತು. ರಾಯಚೂರಿನವರೂ ಬೆವರುವ ಬಿಸಿಲು. ಆ ದಿನ ಮುಚ್ಚಿದ ಗ್ಯಾರೇಜಿನ ಒಳಗೆ ಹೇಗಿದ್ದಿರಬಹುದು, ಯೋಚನೆ ಮಾಡಿ. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ "ಎಲ್ಲಿಟ್ಟಿದ್ರಿ?" ಅಂತ. ಡೇಟ್ ಆಮೇಲೆ.

ಈಗ ಪೆಟ್ಟಿಗೆ ಬಿಚ್ಚೋಣ.

ಇದು ದೊಡ್ಡ ಡಬ್ಬ. ಲಿಕ್ವಿಡ್ ಮಾಲ್ಟ್ ಎಕ್ಸ್‌ಟ್ರಾಕ್ಟ್, ಒಂದೂವರೆ ಕೆಜಿ. ಮಾಲ್ಟ್ ಅಂದ್ರೆ ನಮಗೆ ಹೊಸದೇನಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ ಮಕ್ಕಳಿಗೆ ಕೊಡುವ ರಾಗಿ ಮಾಲ್ಟ್ ಗೊತ್ತಲ್ಲ? ಅದನ್ನೇ ಬಾರ್ಲಿಯಲ್ಲಿ ಮಾಡುತ್ತಾರೆ. ಮೊಳಕೆ ಬಂದಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡಲು ತಯಾರಾಗುತ್ತವೆ. ಆಮೇಲೆ ಬಿಸಿನೀರಲ್ಲಿ ನೆನೆಸಿ ಆ ಸಕ್ಕರೆ ನೀರನ್ನು ಬಸಿದು, ಆವಿ ಮಾಡಿ ಗಟ್ಟಿ ಮಾಡಿದರೆ ಇದು. ನೋಡಲು ಥೇಟ್ ಮಲೆನಾಡಿನ ಜೋನಿ ಬೆಲ್ಲ. ಐದರಲ್ಲಿ ನಾಲ್ಕು ಪಾಲು ಮಾಲ್ಟಿನ ಸತ್ವ, ಒಂದು ಪಾಲು ನೀರು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಈ ಡಬ್ಬಕ್ಕೆ ಒಂದು ಕಥೆ ಇದೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಬಿಯರ್ ಕಂಪನಿಗಳು ಬದುಕಬೇಕಲ್ಲ? ಬಡ್‌ವೈಸರ್ ಮಾಡುತ್ತಿದ್ದ ಆನ್‌ಹೈಸರ್-ಬುಶ್, ಪ್ಯಾಬ್ಸ್ಟ್, ಇವರೆಲ್ಲ ಮಾಲ್ಟ್ ಸಿರಪ್ ಡಬ್ಬ ಮಾರಲು ಹೊರಟರು. ಬ್ರೆಡ್ಡು, ಬಿಸ್ಕತ್ತು ಮಾಡಲಿಕ್ಕೆ ಅಂತ ಹೆಸರು. ಆನ್‌ಹೈಸರ್-ಬುಶ್ ಬೇಕರಿ ಯೀಸ್ಟನ್ನೂ ಮಾರಿತು. ಎರಡೂ ಒಂದೇ ಅಡುಗೆಮನೆಗೆ ಬಂದರೆ ಏನಾಗುತ್ತದೆ ಅಂತ ಕೊಳ್ಳುವವರಿಗೂ ಗೊತ್ತಿತ್ತು. ನಿಷೇಧ ಹೋದ ಮೇಲೂ ಮನೆಯಲ್ಲಿ ಬಿಯರ್ ಮಾಡುವುದು ಕಾನೂನು ಪ್ರಕಾರ ತಪ್ಪಾಗಿಯೇ ಉಳಿಯಿತು. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ, 1979ರ ಫೆಬ್ರವರಿಯಿಂದ ಅದು ಸರಿಯಾಯಿತು. ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇದ್ದರೆ 200. ಮಾರುವ ಹಾಗಿಲ್ಲ. ರಾಜ್ಯಗಳೂ ಒಪ್ಪಬೇಕಿತ್ತು. ಕೊನೆಗೆ ಒಪ್ಪಿದ ಅಲಬಾಮ ಮತ್ತು ಮಿಸಿಸಿಪ್ಪಿ 2013ರವರೆಗೆ ಕಾದವು. ಇದನ್ನು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಊರಿಗೆ ಹೋಗುವಾಗ ತಮ್ಮನಿಗೆ ಅಂತ ಇಂಥ ಕಿಟ್ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅವರಿಗೆ ತೊಂದರೆ ತಂದುಕೊಟ್ಟ ಹಾಗಾಗುತ್ತದೆ.

ಸರಿ, ಡಬ್ಬಕ್ಕೆ ಬರೋಣ. ಮೊದಲು ಕಣ್ಣಲ್ಲಿ ನೋಡಿ. ಮೇಲೆ ಕೆಳಗೆ ಉಬ್ಬಿದೆಯಾ? ತಗಡು ಕೂಡುವ ಅಂಚಿನ ಹತ್ತಿರ ನೆಗ್ಗಿದೆಯಾ, ತುಕ್ಕು ತಿಂದಿದೆಯಾ, ಅಂಟು ಸೋರಿದೆಯಾ? ಇದರಲ್ಲಿ ಒಂದಿದ್ದರೂ ತೆರೆಯಬೇಡಿ, ಬೆರಳಲ್ಲಿ ನೆಕ್ಕಿ ನೋಡಬೇಡಿ. ಸೀದಾ ಕಸಕ್ಕೆ. ಒಂದು ಡಬ್ಬ ಸಿರಪ್ಪಿಗೆ ಜೀವ ಒತ್ತೆ ಇಡುವುದು ಬೇಡ. ಈ ಡಬ್ಬ ನೆಟ್ಟಗಿತ್ತು. ತೆರೆದೆವು.

ಬಣ್ಣ ನೋಡಿ ಗೆಳೆಯರು ಗಾಬರಿಯಾದರು. ಪೆಟ್ಟಿಗೆ ಮೇಲಿನ ಚಿತ್ರದಲ್ಲಿ ಹೊನ್ನಿನ ಬಣ್ಣದ ಬಿಯರ್ ಇದೆ. ಡಬ್ಬದೊಳಗೆ ಇದ್ದದ್ದು ಹಳೇ ಹುಣಸೆಹಣ್ಣಿನ ಬಣ್ಣ. ಇದು ಕೊಳೆತದ್ದಲ್ಲ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ನಿಧಾನವಾಗಿ ಕೂಡಿಕೊಂಡು ಕಂದು ಬಣ್ಣ ಕಟ್ಟುತ್ತವೆ. ಮೈಲಾರ್ಡ್ ಕ್ರಿಯೆ ಅನ್ನುತ್ತಾರೆ. ದೋಸೆ ಹೊಂಬಣ್ಣಕ್ಕೆ ಬರುವುದೂ ಇದರಿಂದಲೇ. ಕಾವಲಿಯ ಮೇಲೆ ಒಂದು ನಿಮಿಷದಲ್ಲಿ ಆಗುವ ಕೆಲಸ ಗ್ಯಾರೇಜಿನಲ್ಲಿ ಆರು ವರ್ಷ ತಗೊಂಡು ಆಗಿದೆ. ಜೋನಿ ಬೆಲ್ಲ ಡಬ್ಬದಲ್ಲಿ ಕೂತ ಹಾಗೆ ಕಪ್ಪಾಗುವುದಿಲ್ವಾ, ಹಾಗೆ.

ಕುಡಿದರೆ ಅಪಾಯ ಇಲ್ಲ. ಆದರೆ ಎರಡು ಸಂಗತಿ ಬದಲಾಗಿರುತ್ತವೆ. ಒಂದು, ರುಚಿ. ಸ್ವಲ್ಪ ಸುಟ್ಟ ಬೆಲ್ಲ, ಸ್ವಲ್ಪ ಹಳೇ ಕಾಗದ, ಸ್ವಲ್ಪ ಲೋಹದ ಹಾಗೆ ಒಂದು ಒಗರು. ಮನೆಯಲ್ಲಿ ಬಿಯರ್ ಮಾಡುವವರ ಬಾಯಲ್ಲಿ ಇದಕ್ಕೆ 'ಟ್ವಾಂಗ್' ಅಂತಲೇ ಹೆಸರು. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ, ಆದರೆ ಮುಖ್ಯ. ಯೀಸ್ಟ್ ತಿನ್ನಬೇಕಾಗಿದ್ದ ಅಮೈನೋ ಆಮ್ಲಗಳು ಆ ಕಂದು ಬಣ್ಣ ಕಟ್ಟುವುದಕ್ಕೆ ಖರ್ಚಾಗಿರುತ್ತವೆ. ಅಂದ್ರೆ ಊಟದಲ್ಲಿ ಅನ್ನ ಇದೆ, ಬೇಳೆ ಕಮ್ಮಿ. ಯೀಸ್ಟ್ ಸೊರಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹಳೇ ಸಿರಪ್ಪಿನಿಂದ ತಿಳಿ ಬಣ್ಣದ ಬಿಯರ್ ಮಾಡಲು ಹೋಗಬೇಡಿ ಅಂತ ನಾನು ಹೇಳುವುದು. ಅದು ಎಷ್ಟೆಂದರೂ ಮುದಿ ಮುದಿಯಾಗೇ ಇರುತ್ತದೆ. ಕಪ್ಪು ಬಿಯರ್‌ಗೆ ತಿರುಗಿಸಿ. ಸ್ಟೌಟ್, ಪೋರ್ಟರ್, ಬ್ರೌನ್ ಏಲ್. ಹುರಿದ ಬಾರ್ಲಿಯ ಕಾಫಿಯಂಥ ಕಹಿ ಇರುವ ಕಡೆ ಆ ಸುಟ್ಟ ಬೆಲ್ಲದ ರುಚಿ ಒಗ್ಗಿಕೊಳ್ಳುತ್ತದೆ.

ಈ ಪ್ಲಾಸ್ಟಿಕ್ ಚೀಲದಲ್ಲಿರುವುದು ಅದೇ ಮಾಲ್ಟ್, ಪುಡಿ ರೂಪದಲ್ಲಿ. ಪುಡಿಯಾಗಿ ಉಳಿದಿದ್ದರೆ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಇದು ಇಟ್ಟಿಗೆ ಆಗಿತ್ತು. ಎಲ್ಲೋ ತೇವ ಹೀರಿದೆ. ಬೂಷ್ಟು ಇಲ್ಲದಿದ್ದರೆ, ವಾಸನೆ ಸರಿ ಇದ್ದರೆ, ಬರೀ ಗಟ್ಟಿಯಾದ ಕಾರಣಕ್ಕೆ ಎಸೆಯಬೇಡಿ. ಚೀಲದ ಸಮೇತ ನೆಲಕ್ಕೆ ಕುಟ್ಟಿ, ಬಿಸಿನೀರಿಗೆ ಹಾಕಿ ಕರಗಿಸಿದೆವು. ಹತ್ತು ನಿಮಿಷ ಜಾಸ್ತಿ ಹಿಡಿಯಿತು, ಅಷ್ಟೇ.

ಈ ಚಿಕ್ಕ ಚೀಲದಲ್ಲಿ ಒಡೆದ ಕ್ರಿಸ್ಟಲ್ ಮಾಲ್ಟ್ ಇದೆ, ಬಣ್ಣ ರುಚಿಗೆ ನೆನೆಸಿ ತೆಗೆಯುವ ಕಾಳು. ಇದಕ್ಕೆ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳೇ ರಾಗಿಹಿಟ್ಟನ್ನು ಮೂಸಿ, ಆಗುತ್ತೋ ಇಲ್ವೋ ಅಂತ ನಿಮ್ಮ ಅಜ್ಜಿ ಹೇಗೆ ಹೇಳುತ್ತಿದ್ದರೋ ಹಾಗೇ. ಇಡೀ ಕಾಳು ತಡೆಯುತ್ತದೆ. ಒಡೆದ ಮೇಲೆ ಒಳಗಿನ ಎಣ್ಣೆ ಅಂಶಕ್ಕೆ ಗಾಳಿ ಸೋಕುತ್ತದೆ, ಕಮಟು ಬರುತ್ತದೆ. ನಾಲ್ಕು ಕಾಳು ಬಾಯಿಗೆ ಹಾಕಿ ಜಗಿಯಿರಿ. ಗರಿಗರಿ ಇದ್ದು ಸಿಹಿ ಬಂದರೆ ಸರಿ. ಮೆತ್ತಗಿದ್ದು ಹಳೇ ಕೊಬ್ಬರಿ ರುಚಿ ಬಂದರೆ ಬೇಡ. ಈ ಚೀಲದಲ್ಲಿ ಹುಳ ಇತ್ತು. ಅಕ್ಕಿಯಲ್ಲಿ ಬರುವಂಥದ್ದೇ. ಎಸೆದು, ಎರಡು ಡಾಲರಿಗೆ ಹೊಸದು ತಂದೆವು.

ಇನ್ನು ಹಾಪ್ಸ್, ಅಂದ್ರೆ ಬಿಯರಿಗೆ ಹಾಕುವ ಒಂದು ಬಳ್ಳಿಯ ಹೂ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಾವಿರುವ ಊರೇ ಅಂಥದ್ದು. ಇಲ್ಲಿಂದ ಮೂರು ಗಂಟೆ ದಾರಿ ಯಾಕಿಮಾ ಕಣಿವೆ. ಅಮೆರಿಕದ ಹಾಪ್ಸ್ ಬಹುಪಾಲು ಅಲ್ಲೇ ಬೆಳೆಯುತ್ತದೆ. ಆಗಸ್ಟ್ ಕೊನೆಗೆ ಆ ಕಡೆ ಹೋಗಿ. ಎತ್ತರದ ಕಂಬಕ್ಕೆ ಹಬ್ಬಿಸಿದ ಬಳ್ಳಿ ನೋಡಿದರೆ ನಮ್ಮ ಕಡೆಯ ವೀಳ್ಯದೆಲೆ ತೋಟ, ಮೆಣಸಿನ ಬಳ್ಳಿ ನೆನಪಾಗುತ್ತದೆ. ಈ ಕಿಟ್‌ನಲ್ಲಿರುವ ಕ್ಯಾಸ್ಕೇಡ್ ಅನ್ನುವ ತಳಿಯಂತೂ ನಮ್ಮ ಆರೆಗನ್ ರಾಜ್ಯದ್ದೇ. ಕೊರ್ವಾಲಿಸ್‌ನಲ್ಲಿ ಬೆಳೆಸಿ, 1972ರಲ್ಲಿ ರೈತರಿಗೆ ಕೊಟ್ಟದ್ದು. ಹೂವು ಮತ್ತು ಚಕ್ಕೋತ ಎರಡರ ನಡುವಿನ ಘಮ.

ಹಾಪ್ಸ್ ಕೊಡುವುದು ಎರಡು. ಕಹಿ ಮತ್ತು ಘಮ. ಕಹಿ ಬರುವುದು ಆಲ್ಫಾ ಆಮ್ಲಗಳಿಂದ, ಒಂದು ಗಂಟೆ ಕುದಿಸಿದಾಗ. ಘಮ ಬರುವುದು ಎಣ್ಣೆಯಿಂದ, ಅದಕ್ಕೇ ಕೊನೆಯಲ್ಲಿ ಹಾಕುತ್ತಾರೆ, ಒಗ್ಗರಣೆಗೆ ಇಂಗು ಹಾಕಿದ ಹಾಗೆ. ಎರಡಕ್ಕೂ ಗಾಳಿ ಮತ್ತು ಬಿಸಿ ಆಗಿಬರುವುದಿಲ್ಲ. ಕ್ಯಾಸ್ಕೇಡ್ ಅಂತೂ ಇಟ್ಟರೆ ಬೇಗ ಸೊರಗುವ ತಳಿ. ಒಳ್ಳೆಯ ಫಾಯಿಲ್ ಪೊಟ್ಟಣದಲ್ಲಿ ನೈಟ್ರೋಜನ್ ತುಂಬಿ, ಫ್ರೀಜರಿನಲ್ಲಿ ಇಟ್ಟರೆ ಐದು ವರ್ಷವಾದರೂ ಕೆಲಸಕ್ಕೆ ಬರುತ್ತದೆ. ಗ್ಯಾರೇಜಿನಲ್ಲಿ ಬರುವುದಿಲ್ಲ. ಪೊಟ್ಟಣ ಕತ್ತರಿಸಿದ ಕೂಡಲೇ ಬಂದದ್ದು ಹಳೇ ಚೀಸ್ ವಾಸನೆ. ಇಡೀ ದಿನ ಹಾಕಿದ ಕಾಲುಚೀಲದ ವಾಸನೆ ಅಂದರೂ ನಡೆಯುತ್ತದೆ. ಹಾಪ್ಸ್ ಗಾಳಿಗೆ ಕೆಟ್ಟಾಗ ಹುಟ್ಟುವ ಐಸೊವ್ಯಾಲೆರಿಕ್ ಆಮ್ಲ ಅದು. ಹಾಪ್ಸ್ ಪುಡಿ ಒತ್ತಿ ಮಾಡಿದ ಸಣ್ಣ ಉಂಡೆಗಳ ಬಣ್ಣವೂ ಹಸಿರು ಹೋಗಿ ಒಣಹುಲ್ಲಿನ ಹಾಗಾಗಿತ್ತು.

ಆದರೆ ಇಲ್ಲೇ ನನಗೆ ತುಂಬ ಇಷ್ಟವಾದ ಒಂದು ವಿಷಯ ಇದೆ. ಬೆಲ್ಜಿಯಮ್ಮಿನಲ್ಲಿ, ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಅನ್ನುವ ಹುಳಿ ಬಿಯರ್ ಮಾಡುತ್ತಾರೆ. ಅವರು ಬೇಕು ಅಂತಲೇ ಹಳೇ ಹಾಪ್ಸ್ ಹಾಕುತ್ತಾರೆ. ಎರಡು ಮೂರು ವರ್ಷ ಇಟ್ಟದ್ದು. ಕಹಿ ಹೋಗಿರಬೇಕು, ಘಮ ಹೋಗಿರಬೇಕು. ಉಳಿಯಬೇಕಾದ್ದು ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಮಾತ್ರ. ಅವರು ಯೀಸ್ಟನ್ನೂ ಹಾಕುವುದಿಲ್ಲ, ರಾತ್ರಿ ಗಾಳಿಗೆ ತೆರೆದಿಟ್ಟು ಬಂದದ್ದನ್ನು ಬರಮಾಡಿಕೊಳ್ಳುತ್ತಾರೆ. ಒಂದು ಮನೆಯಲ್ಲಿ ಎಸೆಯುವ ಪದಾರ್ಥ ಇನ್ನೊಂದು ಕಡೆ ಅಟ್ಟದ ಮೇಲೆ ಜೋಪಾನ ಮಾಡಿ ಇಡುವ ಪದಾರ್ಥ. ಆದರೆ ಆ ಬಿಯರ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕೂರುತ್ತದೆ. ನಮ್ಮ ಬಕೆಟ್ಟಿನಲ್ಲಿ ಮೂರು ವಾರ. ಹಾಗಾಗಿ ನಾವು ಹಾಪ್ಸನ್ನೂ ಹೊಸದಾಗಿಯೇ ತಂದೆವು.

ಈಗ ಯೀಸ್ಟ್. ಇಡೀ ಪೆಟ್ಟಿಗೆಯಲ್ಲಿ ಇದೊಂದರ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಯೀಸ್ಟ್ ಹಳೆಯದಾಗಿದ್ದರೆ ಬದಲಾಯಿಸಿ. ಇದರಲ್ಲಿ ಯೋಚನೆ ಮಾಡುವುದು ಬೇಡ.

ಯೀಸ್ಟ್ ಅಂದರೆ ಹೆಪ್ಪು. ನಿನ್ನೆಯ ಮೊಸರಿನ ಒಂದು ಚಮಚ ಹಾಲಿಗೆ ಹಾಕಿದರೆ ಬೆಳಿಗ್ಗೆ ಗಟ್ಟಿ ಮೊಸರು. ಹದಿನೈದು ದಿನದ ಹುಳಿ ಮೊಸರನ್ನು ಹಾಕಿದರೆ? ಆದರೆ ಆಯ್ತು, ಇಲ್ಲಾಂದ್ರೆ ಹಾಲು ಒಡೆದು ನಾರುತ್ತದೆ. ಹೆಪ್ಪು ಬಲವಾಗಿದ್ದರೆ ಬೇರೆಯವರು ಬರುವ ಮೊದಲೇ ಪಾತ್ರೆಯನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ಬಿಯರಿನಲ್ಲೂ ಹಾಗೇ. ಒಳ್ಳೆಯ ಒಣ ಯೀಸ್ಟಿನ ಒಂದು ಗ್ರಾಮಿನಲ್ಲಿ 600 ಕೋಟಿಗೂ ಜಾಸ್ತಿ ಜೀವಕೋಶ ಇರುತ್ತವೆ. ಫ್ರಿಜ್ಜಿನಲ್ಲಿಟ್ಟರೆ ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟು ಸಾಯುತ್ತವೆ. ಮನೆಯ ಸಾಮಾನ್ಯ ಬಿಸಿಯಲ್ಲಿ ಸುಮಾರು ಇಪ್ಪತ್ತು. ಹಾಗೆ ಆರು ವರ್ಷ ಹೋದರೆ ಉಳಿಯುವುದು ಕಾಲು ಭಾಗ. ಅದರ ಮೇಲೆ ಆ 2021ರ ಬಿಸಿಲು. ದ್ರವದ ಯೀಸ್ಟ್ ಆಗಿದ್ದರಂತೂ ಆರು ತಿಂಗಳೇ ಜಾಸ್ತಿ. ಒಂದು ಮಾತು ಹೇಳಲೇಬೇಕು. ಕೆಲವು ಡಬ್ಬಗಳ ಮುಚ್ಚಳದ ಕೆಳಗೆ ಚಿಕ್ಕ ಪೊಟ್ಟಣ ಅಂಟಿಸಿರುತ್ತಾರೆ. ಅದು ಅಂಗಡಿಯ ಶೆಲ್ಫಿನಲ್ಲೂ ಬಿಸಿಯಲ್ಲೇ ಕೂತಿರುತ್ತದೆ. ಅದನ್ನು ನಂಬಬೇಡಿ.

ಪರೀಕ್ಷೆ ಮಾಡಬಹುದಲ್ವಾ ಅಂತ ಕೇಳುತ್ತೀರಿ. ಮಾಡಬಹುದು. ಕುದಿಸಿ ಆರಿಸಿದ ನೀರು ಅರ್ಧ ಲೋಟ, ಮುಟ್ಟಿದರೆ ಉಗುರುಬೆಚ್ಚಗೆ ಇರಬೇಕು. ಯೀಸ್ಟ್ ಉದುರಿಸಿ, ಕಾಲು ಗಂಟೆ ಬಿಟ್ಟು ಒಂದು ಚಮಚ ಮಾಲ್ಟ್ ಪುಡಿ ಹಾಕಿ. ಜೀವ ಇದ್ದರೆ ಒಂದು ಗಂಟೆಯೊಳಗೆ ನೊರೆ ಏಳುತ್ತದೆ. ನಾವು ಮಾಡಿ ನೋಡಿದೆವು. ಎರಡು ಗಂಟೆಯ ಮೇಲೆ ಲೋಟದ ಅಂಚಿಗೆ ಬಳೆಯಂತೆ ತೆಳ್ಳಗೆ ನೊರೆ ಬಂತು. ಗೆಳೆಯರಿಗೆ ಖುಷಿಯಾಯ್ತು, "ಬದುಕಿದೆ!" ಅಂದರು. ಇಲ್ಲೇ ತುಂಬ ಜನ ಎಡವುವುದು. ಬದುಕಿದೆ ಅನ್ನುವುದು ಗೊತ್ತಾಯಿತು. ಎಷ್ಟು ಬದುಕಿದೆ ಅನ್ನುವುದು ಗೊತ್ತಾಗಲಿಲ್ಲ. ಹತ್ತೊಂಬತ್ತು ಲೀಟರ್ ಸಿಹಿನೀರನ್ನು ನಾಲ್ಕು ಸೊರಗಿದ ಕೈಗಳಿಗೆ ಒಪ್ಪಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೊಸ ಪೊಟ್ಟಣಕ್ಕೆ ಆಗ ಐದಾರು ಡಾಲರ್ ಇತ್ತು. ಹಳೆಯದನ್ನು ಸುಮ್ನೆ ಎಸೆಯಬೇಡಿ, ಕುದಿಯುವ ಪಾತ್ರೆಗೆ ಸುರಿಯಿರಿ. ಸತ್ತ ಯೀಸ್ಟ್ ಹೊಸ ಯೀಸ್ಟಿಗೆ ಊಟ. ಆಗ ಹೇಳಿದೆನಲ್ಲ, ಹಳೇ ಸಿರಪ್ಪಿನಲ್ಲಿ ಬೇಳೆ ಕಮ್ಮಿ ಅಂತ. ಆ ಬೇಳೆ ಇಲ್ಲಿ ಸಿಗುತ್ತದೆ.

ಯಾಕೆ ಇಷ್ಟು ಹಟ ಅಂದರೆ, ನನ್ನ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ. ನನ್ನ ಎರಡನೇ ಬಿಯರ್. ಒಬ್ಬರು ಕೊಟ್ಟ ಹಳೇ ಕಿಟ್, ಮುಚ್ಚಳದ ಕೆಳಗಿನ ಹಳೇ ಯೀಸ್ಟ್. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಬಕೆಟ್ಟಿನ ಗ್ಯಾಸ್ ಹೊರಬಿಡುವ ಏರ್‌ಲಾಕಿನಲ್ಲಿ ಗುಳ್ಳೆ ಬಂತು. ಹನ್ನೊಂದನೇ ದಿನ ನಿಂತಿತು. ಗುಳ್ಳೆ ನಿಂತರೆ ಮುಗಿಯಿತು ಅಂದುಕೊಂಡೆ. ಸಕ್ಕರೆ ಎಷ್ಟು ಉಳಿದಿದೆ ಅಂತ ಅಂಕಿಯಲ್ಲಿ ತೋರಿಸುವ ಹೈಡ್ರೋಮೀಟರ್ ಹಾಕಿ ನೋಡಲಿಲ್ಲ. ಸಕ್ಕರೆ ಹಾಕಿ ಸೀಸೆಗೆ ತುಂಬಿ, ಮುಚ್ಚಳ ಒತ್ತಿ, ಕೋಟು ತೂಗುಹಾಕುವ ಕ್ಲಾಸೆಟ್ಟಿನಲ್ಲಿ ಇಟ್ಟೆ. ಮೂರನೇ ವಾರ, ರಾತ್ರಿ ಎರಡು ಗಂಟೆಗೆ ಗುಂಡು ಹಾರಿದ ಸದ್ದು. ಎದ್ದು ಬರುವಷ್ಟರಲ್ಲಿ ಇನ್ನೆರಡು. ಬಾಗಿಲಿನ ಒಳಮೈಗೆ ಗಾಜಿನ ಚೂರುಗಳು ಮೊಳೆ ಹೊಡೆದ ಹಾಗೆ ನಾಟಿದ್ದವು. ನನ್ನ ಮಗಳಿಗೆ ಆಗ ಮೂರು ವರ್ಷ. ಹಗಲೆಲ್ಲ ಆ ಬಾಗಿಲ ಮುಂದೆಯೇ ಕೂತು ಆಡುತ್ತಿದ್ದಳು. ಇವತ್ತಿಗೂ ಅದನ್ನು ನೆನೆದರೆ ಎದೆ ನಡುಗುತ್ತದೆ.

ಲೆಕ್ಕ ಸುಲಭ. ಬಿಯರಿಗೆ ನೊರೆ ಬರಲಿ ಅಂತ 19 ಲೀಟರಿಗೆ ಸುಮಾರು 140 ಗ್ರಾಂ ಸಕ್ಕರೆ ಹಾಕುತ್ತೇವೆ. ಅದರಿಂದ ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರಿನಷ್ಟು ಗ್ಯಾಸ್ ಕರಗಿ ಕೂರುತ್ತದೆ. ಸಾಮಾನ್ಯ ಸೀಸೆ ಮೂರರವರೆಗೆ ಆರಾಮಾಗಿ ತಡೆಯುತ್ತದೆ. ಹೈಡ್ರೋಮೀಟರಿನಲ್ಲಿ ಬರೀ ನೀರು 1.000 ತೋರಿಸುತ್ತದೆ, ಸಕ್ಕರೆ ಇದ್ದಷ್ಟೂ ಅಂಕಿ ಮೇಲೆ. ಅದರಲ್ಲಿ ಒಂದು ಪಾಯಿಂಟ್, ಅಂದರೆ 0.001, ಇಳಿದರೆ ಲೀಟರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್ ಗ್ಯಾಸ್. 1.012ಕ್ಕೆ ಇಳಿಯಬೇಕಾದ ಬಿಯರ್ 1.020ರಲ್ಲಿ ನಿಂತಿದ್ದಾಗ ಸೀಸೆಗೆ ತುಂಬಿದರೆ ಎಂಟು ಪಾಯಿಂಟ್ ಒಳಗೇ ಉಳಿದಿದೆ. ಯೀಸ್ಟ್ ನಿಧಾನಕ್ಕೆ ಎಚ್ಚರಗೊಂಡು ಅದನ್ನು ತಿಂದರೆ ಇನ್ನೂ ನಾಲ್ಕು ಲೀಟರ್ ಗ್ಯಾಸ್. ಯಾವ ಸೀಸೆ ತಡೆಯುತ್ತದೆ ಹೇಳಿ?

ಹಾಗಾಗಿ ಹಳೇ ಕಿಟ್ ಇಟ್ಟುಕೊಂಡವರಿಗೆ ನನ್ನ ಬೇಡಿಕೆ ಇದೊಂದೇ. ಗುಳ್ಳೆ ನೋಡಬೇಡಿ, ಕ್ಯಾಲೆಂಡರ್ ನೋಡಬೇಡಿ. ಹೈಡ್ರೋಮೀಟರ್ ಹಾಕಿ. ಎರಡು ಮೂರು ದಿನ ಬಿಟ್ಟು ಮತ್ತೆ ಹಾಕಿ. ಎರಡೂ ಸಲ ಒಂದೇ ಅಂಕಿ ಬಂದು, 1.000ದ ಮೇಲಿನ ಪಾಯಿಂಟುಗಳು ಶುರುವಿನದರ ಕಾಲು ಭಾಗದ ಆಸುಪಾಸಿಗೆ ಇಳಿದಿದ್ದರೆ ಮಾತ್ರ ಸೀಸೆ. 1.050ರಿಂದ ಶುರುವಾದದ್ದು 1.012 ಹತ್ತಿರ ಬರಬೇಕು. ಹಳೇ ಸಿರಪ್ ಆದರೆ 1.015, 1.016ರಲ್ಲೇ ನಿಲ್ಲಬಹುದು. ಅದಕ್ಕೂ ಮೇಲೆ ನಿಂತಿದ್ದರೆ ಬಕೆಟ್ಟನ್ನು ಸ್ವಲ್ಪ ಬೆಚ್ಚಗಿನ ಕೋಣೆಗೆ ಒಯ್ಯಿರಿ, ಮೆಲ್ಲಗೆ ಅಲ್ಲಾಡಿಸಿ, ಇನ್ನೊಂದು ಪೊಟ್ಟಣ ಯೀಸ್ಟ್ ಹಾಕಿ. ಕಾಯಿರಿ. ಮೊದಲೇ ತುಂಬಿಬಿಟ್ಟು ಈಗ ಭಯ ಆಗುತ್ತಿದೆಯಾ? ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಸೀಸೆ ಮೇಲೆ ದಪ್ಪ ಟವೆಲ್. ಮೆಲ್ಲಗೆ ಫ್ರಿಜ್ಜಿಗೆ ಸಾಗಿಸಿ. ತಣ್ಣಗಾದರೆ ಒತ್ತಡ ಇಳಿಯುತ್ತದೆ. ಪೂರ್ತಿ ತಣ್ಣಗಾದ ಮೇಲೆ ಸಿಂಕಿನಲ್ಲಿ, ಟವೆಲ್ ಹೊದಿಸಿಯೇ, ಒಂದೊಂದಾಗಿ ಮುಚ್ಚಳ ತೆಗೆಯಿರಿ. ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

ಉಳಿದ ಸಾಮಾನಿಗೆ ಬೇಗ ಬರುತ್ತೇನೆ. ಸಕ್ಕರೆ ಕೆಡುವುದಿಲ್ಲ. ಸೀಸೆ ಮುಚ್ಚಳಗಳಲ್ಲಿ ತುಕ್ಕು ಹಿಡಿದವನ್ನು ಆರಿಸಿ ಎಸೆಯಿರಿ. ರಬ್ಬರ್ ಬಿರಡೆ ಬೆರಳಿಗೆ ಒತ್ತಿದರೆ ಬಗ್ಗಬೇಕು, ಇದು ಮರದ ಹಾಗಾಗಿತ್ತು. ಸೈಫನ್ ಪೈಪು ಹಳದಿಯಾಗಿ ಸೆಟೆದಿತ್ತು, ಬದಲಾಯಿಸಿದೆವು. ಪ್ಲಾಸ್ಟಿಕ್ ಬಕೆಟ್ಟಿನ ಒಳಗೆ ಗೀರು ಇದ್ದರೆ ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಎಷ್ಟು ತೊಳೆದರೂ ಆ ಗೀರಿನೊಳಗೆ ಕೀಟಾಣು ಕೂರುತ್ತವೆ. ನಲ್ಲಿ ಇದ್ದರೆ ಪೂರ್ತಿ ಬಿಚ್ಚಿ ತೊಳೆಯಿರಿ. ಗ್ಯಾರೇಜ್ ಸೇಲಿನಲ್ಲಿ ತಂದ ಬಕೆಟ್ಟಿನ ನಲ್ಲಿಯ ಒಳಗೆ ನಾನು ಕಂಡದ್ದನ್ನು ಊಟದ ಹೊತ್ತಿಗೆ ಹೇಳಬಾರದು. ಸ್ಯಾನಿಟೈಸರ್ ಪುಡಿ ಗಟ್ಟಿಯಾಗಿದ್ದರೆ ಅದರ ಆಮ್ಲಜನಕ ಹೋಗಿದೆ ಅಂತಲೇ ತಿಳಿದು ಹೊಸದು ತನ್ನಿ. ಅಯೋಡಿನ್ ಥರದ್ದಾದರೆ ಬಣ್ಣ ತೆಳುವಾಗಿದ್ದರೆ ಶಕ್ತಿಯೂ ತೆಳು.

ಹಿಂದೆ ಕೂತಿರುವ ಹಿರಿಯರೊಬ್ಬರು ಕೇಳಿದರು, "ಹಳೇ ಪದಾರ್ಥದಲ್ಲಿ ಮಾಡಿದರೆ ಕಳ್ಳಭಟ್ಟಿ ಥರ ಆಗಲ್ವಾ? ಕಣ್ಣು ಹೋಗಲ್ವಾ?" ಕೇಳಿದ್ದು ಒಳ್ಳೆಯದಾಯಿತು. ನಮ್ಮ ಪೀಳಿಗೆಯವರಿಗೆ ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಮತ್ತೆ, ಬೆಂಗಳೂರು ಮತ್ತು ಪಕ್ಕದ ತಮಿಳುನಾಡಿನಲ್ಲಿ ಸೇರಿ ನೂರೈವತ್ತು ದಾಟಿತು. ಬಹುಪಾಲು ಕೂಲಿ ಮಾಡುವ ಬಡವರು. ಅವರನ್ನು ಕೊಂದದ್ದು ಮೆಥನಾಲ್. ಕಾರ್ಖಾನೆಯ ಮೆಥನಾಲ್, ಮದ್ಯದ ಹೆಸರಿನಲ್ಲಿ ಯಾರೋ ಬೆರೆಸಿದ್ದು. ಹುದುಗಿ ಹುಟ್ಟಿದ್ದಲ್ಲ. ಯೀಸ್ಟ್ ಸಕ್ಕರೆಯನ್ನು ತಿಂದಾಗ ಕೊಡುವುದು ಎಥನಾಲ್. ಮೆಥನಾಲ್ ಹುಟ್ಟುವುದು ಹಣ್ಣಿನ ಪೆಕ್ಟಿನ್‌ನಿಂದ, ಅದೂ ತೀರಾ ಚೂರು. ಬಾರ್ಲಿಯಲ್ಲಿ ಅದು ಲೆಕ್ಕಕ್ಕಿಲ್ಲ. ಹಳೇ ಮಾಲ್ಟ್, ಹಳೇ ಯೀಸ್ಟ್ ಅಂತ ಅದು ಜಾಸ್ತಿ ಆಗುವುದೂ ಇಲ್ಲ. ಕೆಟ್ಟ ಬಿಯರ್ ಹುಳಿಯಾಗುತ್ತದೆ, ನಾರುತ್ತದೆ. ಆಲ್ಕೋಹಾಲು, ಹುಳಿ, ಹಾಪ್ಸ್ ಮೂರೂ ಇರುವ ಕಡೆ ಜೀವ ತೆಗೆಯುವ ಕೀಟಾಣು ಬೆಳೆಯುವುದು ಕಷ್ಟ. ಆದರೆ ಮೇಲೆ ರೋಮ ರೋಮವಾಗಿ ಬೂಷ್ಟು ಕಟ್ಟಿದರೆ ಚೆಲ್ಲಿಬಿಡಿ. ಮತ್ತೆ, ಬಿಯರನ್ನು ಭಟ್ಟಿ ಇಳಿಸಲು ಮಾತ್ರ ಯಾರೂ ಹೋಗಬೇಡಿ. ಅದು ಇಲ್ಲೂ ಅಪರಾಧ.

ಕೊನೆಗೆ ಏನಾಯಿತು ಅಂತ ಹೇಳಬೇಕಲ್ಲ. ಡಬ್ಬದ ಸಿರಪ್, ಇಟ್ಟಿಗೆಯಾದ ಮಾಲ್ಟ್, ಸಕ್ಕರೆ, ಇಷ್ಟು ಹಳೆಯದು. ಯೀಸ್ಟ್, ಹಾಪ್ಸ್, ಕಾಳು, ಪೈಪು ಹೊಸದು. ಇಪ್ಪತ್ತೈದು ಡಾಲರ್ ಖರ್ಚು. ಒಂದು ಹಿಡಿ ಹುರಿದ ಬಾರ್ಲಿ ಸೇರಿಸಿ ತಿಳಿ ಬಣ್ಣದ ಪೇಲ್ ಏಲ್ ಆಗಬೇಕಿದ್ದದ್ದನ್ನು ಪೋರ್ಟರ್ ಕಡೆಗೆ ತಿರುಗಿಸಿದೆವು. 1.050ಕ್ಕೆ ಶುರುವಾಗಿ 1.016ಕ್ಕೆ ನಿಂತಿತು. ಐದು ದಿನ ಬಿಟ್ಟು ನೋಡಿದರೂ 1.016. ಆಲ್ಕೋಹಾಲ್ ನೂರಕ್ಕೆ ನಾಲ್ಕೂವರೆ. ಮೂರು ವಾರ ಸೀಸೆಯಲ್ಲಿ ಕೂತ ಮೇಲೆ ಕುಡಿದೆವು. ಮೊದಲ ಗುಟುಕಿನಲ್ಲಿ ಕಾಫಿ, ಆಮೇಲೆ ಸುಟ್ಟ ಬೆಲ್ಲ. ಕೊನೆಯಲ್ಲಿ ಆ ಒಗರು ಸಣ್ಣಗೆ ಇದ್ದೇ ಇತ್ತು. ಹೊಸ ಕಿಟ್‌ನ ಬಿಯರ್ ಇದಕ್ಕಿಂತ ಚೆನ್ನಾಗಿರುತ್ತದೆ. ಆದರೆ ಗೆಳೆಯರು ಆ ನಲವತ್ತೆಂಟು ಸೀಸೆಯಲ್ಲಿ ಒಂದನ್ನು ಉಡುಗೊರೆ ಕೊಟ್ಟಿದ್ದ ಹಳೇ ಮೇನೇಜರಿಗೆ ಒಯ್ದು ಕೊಟ್ಟರು. ಆರು ವರ್ಷದ ಮೇಲೆ. ಅವರು ಆಗಲೇ ರಿಟೈರ್ ಆಗಿದ್ದರು. ಅಲ್ಲೇ ಬಾಗಿಲಲ್ಲಿ ನಿಂತು ಇಬ್ಬರೂ ಅರ್ಧರ್ಧ ಕುಡಿದರಂತೆ.

ಲೈಬ್ರರಿ ಆದ್ದರಿಂದ ಬಿಯರ್ ತಂದಿಲ್ಲ. ಹೋಗುವಾಗ ಈ ಮೇಜಿನ ಹತ್ತಿರ ಬನ್ನಿ. ಎರಡು ಬಟ್ಟಲಿವೆ. ಎಡಗಡೆಯದು ಆ ಪೆಟ್ಟಿಗೆಯ ಕ್ಯಾಸ್ಕೇಡ್, ಬಲಗಡೆಯದು ಹೋದ ವಾರ ಅಂಗಡಿಯಿಂದ ತಂದ ಕ್ಯಾಸ್ಕೇಡ್. ಒಂದು ಉಂಡೆ ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಎಡಗಡೆಯದನ್ನು ಮೊದಲು ಮೂಸಿ, ಬಲಗಡೆಯ ಘಮ ಕೈಯಲ್ಲಿ ಉಳಿಯಲಿ. ಮನೆಯಲ್ಲಿ ನಾಯಿ ಇರುವವರು ಮಾತ್ರ ಉಂಡೆಯನ್ನು ಜೇಬಿಗೆ ಹಾಕಿಕೊಂಡು ಹೋಗಬೇಡಿ, ಕೈ ತೊಳೆದೇ ಹೊರಡಿ. ಹಾಪ್ಸ್ ತಿಂದರೆ ನಾಯಿಗಳಿಗೆ ಮೈ ಬಿಸಿ ವಿಪರೀತ ಏರಿ ಜೀವಕ್ಕೇ ಅಪಾಯ ಆಗುತ್ತದೆ.